ಎರಡು ಸೀಸೆ ಗಾಳಿ

ಫೆಬ್ರವರಿ 4

ಪ್ರೀತಿಯ ಕಿಡಿ,

ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದುವ ತನಕ ಈ ಕಾಗದವನ್ನು ಹರಿಯಬೇಡ. ಹರಿದ ಮೇಲೆ ಚೂರು ಜೋಡಿಸಿಕೊಂಡು ಓದುವುದು ನಿನಗೇ ಕಷ್ಟ. ಹೋದ ಸಲ ಹಾಗೇ ಆಯಿತಲ್ಲ.

ನಮ್ಮ ಕನ್ನಡಕದ ಅಂಗಡಿ ದೊಡ್ಡಾಸ್ಪತ್ರೆಯ ಎದುರಿಗೇ ಇರುವುದರಿಂದ ಅಲ್ಲಿಯ ಡಾಕ್ಟರುಗಳೆಲ್ಲ ಇಲ್ಲಿಗೇ ಬರುತ್ತಾರೆ. ಅವರಲ್ಲಿ ಒಬ್ಬಾಕೆ ಮನೋರೋಗ ವಿಭಾಗದವರು. ಯೋಚನೆ ಮಾಡುವಾಗ ಕನ್ನಡಕದ ಕಡ್ಡಿ ಕಚ್ಚುವ ಅಭ್ಯಾಸ, ಹಾಗಾಗಿ ನಮಗೆ ಖಾಯಂ ಗಿರಾಕಿ. ಅವರು ಒಂದು ಅಧ್ಯಯನ ನಡೆಸುತ್ತಿದ್ದಾರೆ. ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮನಸ್ಸಿನ ಕಾಯಿಲೆ ಬಂದಿದ್ದರೆ, ಆ ಮನೆಯವರ ರಕ್ತ ಪರೀಕ್ಷಿಸಿ, ತಲೆಮಾರಿನಿಂದ ತಲೆಮಾರಿಗೆ ಏನು ಸಾಗಿಬರುತ್ತದೆ ಎಂದು ನೋಡುವುದು. ನಾನು ಅಮ್ಮನ ವಿಷಯ ಹೇಳಿದೆ. ಗೋಡೆಯ ಜೊತೆ ಜಗಳ ಕಾಯುತ್ತಿದ್ದ ತಾತನ ವಿಷಯವನ್ನೂ ಹೇಳಿದೆ. ಅಮ್ಮನದು, ನನ್ನದು, ನಿನ್ನದು, ಮೂವರ ರಕ್ತವೂ ಬೇಕಂತೆ. ಒಬ್ಬರದು ತಪ್ಪಿದರೂ ನಮ್ಮ ಮನೆ ಲೆಕ್ಕಕ್ಕಿಲ್ಲ. ನಿಮ್ಮ ಊರಿನ ಆಸ್ಪತ್ರೆಯಲ್ಲೇ ತೆಗೆದು ಕಳಿಸುತ್ತಾರೆ, ನೀನು ತೋಳು ಚಾಚಿದರೆ ಸಾಕು.

ಇನ್ನೊಂದು ಸುದ್ದಿ. ನೀನು ಸೋದರತ್ತೆ ಆಗುತ್ತಿದ್ದೀಯ. ನಿನ್ನ ಅತ್ತಿಗೆ ಈಗಲೇ ಹೆಸರು ಹುಡುಕುತ್ತಿದ್ದಾಳೆ. ನಾನು ರಕ್ತದ ಮಾತು ಎತ್ತಿದ್ದು ಯಾಕೆ ಎಂದು ಈಗ ತಿಳಿಯಿತಲ್ಲ?

ಫೋನಿದ್ದಿದ್ದರೆ ಎರಡು ನಿಮಿಷದ ಮಾತು. ಆದರೆ ಆಳು ಕಾಣದ ದನಿ ಅಮ್ಮನಿಗೆ ಬೇಡ ಎಂದು ಆ ಯಂತ್ರವನ್ನು ಮನೆಯೊಳಗೆ ಬಿಟ್ಟಿಲ್ಲ, ಬಿಡುವುದೂ ಬೇಡ. ಮಹಡಿಯೇ ಇಲ್ಲದ ಮನೆಯಲ್ಲಿ ‘ಮಹಡಿಯವರ’ ಮಾತು ಕೇಳಿಸಿಕೊಂಡು ಅಮ್ಮ ಪಟ್ಟಿದ್ದೇ ಸಾಕು.

ಅಂದ ಹಾಗೆ, ಮಹಡಿಯವರು ಅಮ್ಮನಿಗೆ ಮೊದಲು ಕೇಳಿಸಿದಾಗ ಅಮ್ಮನಿಗೆ ಎಷ್ಟು ವಯಸ್ಸು? ಸುಮ್ಮನೆ ಕೇಳಿದೆ. ಅಮ್ಮ ಈಗಲೂ ನನ್ನನ್ನು ಗೂಬೆಮರಿ ಅನ್ನುತ್ತಾಳಾ?

ನಿನ್ನ ಅಣ್ಣ


ಫೆಬ್ರವರಿ 12

ಅಣ್ಣಾ,

ಹರಿದಿಲ್ಲ. ಮುದುರಿ ಎಸೆದೆ, ಅಷ್ಟೇ. ಅಮ್ಮ ಎತ್ತಿ, ನೀವಿ, ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗಿಟ್ಟುಕೊಂಡಿದ್ದಾಳೆ.

ಮಗುವಿನ ಸುದ್ದಿಗೆ ಕುಣಿದೆ. ಅಡುಗೆಮನೆಯಲ್ಲಿ ಒಂದು ಲೋಟ ಒಡೆಯಿತು. ಅತ್ತಿಗೆಗೆ ನನ್ನ ಮುತ್ತು. ಆ ಕುಣಿತ ಮುಗಿದ ಮೇಲೆ ಕೋಪ ಬಂತು, ಈಗ ಅದನ್ನು ಬರೆಯುತ್ತೇನೆ.

ರಕ್ತ ಎನ್ನುವುದು ಯಜಮಾನರಿಗೆ ಬಹಳ ಅನುಕೂಲದ ಪದ. ಹೆಣ್ಣೊಬ್ಬಳು ಕೆಲಸದ ಜಾಗದಲ್ಲಿ ಕುಸಿದರೆ ಆ ಜಾಗವನ್ನು ಯಾರೂ ನೋಡುವುದಿಲ್ಲ, ಅವಳ ತಾತನನ್ನು ನೋಡುತ್ತಾರೆ! ನಾನು ಓದುವ ಕರಪತ್ರಗಳನ್ನು ನೀನು ಗೇಲಿ ಮಾಡುತ್ತೀಯ, ಗೊತ್ತು. ಆದರೆ ಹೋದ ವಾರದ ಕರಪತ್ರದಲ್ಲಿದ್ದ ಒಂದು ಸಾಲನ್ನು ನಾನು ಕನ್ನಡಿಯ ಪಕ್ಕ ಅಂಟಿಸಿದ್ದೇನೆ: ‘ಒಬ್ಬರನ್ನು ಹುಚ್ಚರೆನ್ನುವ ಮುನ್ನ ಅವರ ಸುತ್ತಲಿನ ಗೋಡೆಗಳನ್ನು ನೋಡಿ.’

ನಾನು ನೋಡುತ್ತಿದ್ದೇನೆ. ದಿನಾ ನೋಡುತ್ತೇನೆ. ನಮ್ಮ ಲಾಂಡ್ರಿಯಲ್ಲಿ ನಾನು ನಿಲ್ಲುವುದು ದೊಡ್ಡ ಉರುಳೆಯ ಹತ್ತಿರ, ಹೋಟೆಲುಗಳ ಹಾಸಿಗೆ ಬಟ್ಟೆ ಒಂದು ಕಡೆ ಒದ್ದೆಯಾಗಿ ಹೋಗಿ ಇನ್ನೊಂದು ಕಡೆ ಚಪ್ಪಟೆಯಾಗಿ ಬರುವ ಜಾಗ. ಅಲ್ಲಿಂದ ನೇರಕ್ಕೆ ಕಾಣುತ್ತದೆ ಮದ್ದಿನ ಕೋಣೆಯ ಬಾಗಿಲು. ನೀರು ತಾಗಬಾರದ ಕೋಟು, ರೇಷ್ಮೆ, ಉಣ್ಣೆ ಎಲ್ಲವನ್ನೂ ಅಲ್ಲಿ ಮದ್ದಿನಲ್ಲಿ ಅದ್ದಿ ತೊಳೆಯುತ್ತಾರೆ. ಇರುವುದು ಒಂದೇ ಕಿಟಕಿ, ಅದರ ಮೇಲೆ ಬಣ್ಣದ ಮೇಲೆ ಬಣ್ಣ ಬಳಿದು ಈಗ ಅದು ಗೋಡೆಯೇ ಆಗಿಹೋಗಿದೆ. ಬಾಗಿಲು ತೆರೆದರೆ ಸಿಹಿ ವಾಸನೆ, ಹಿಂದೆಯೇ ಹಣೆಯ ನಡುವೆ ಒಂದು ಮೊಳೆ. ಅಮ್ಮ ಅಲ್ಲಿ ಎಷ್ಟು ವರ್ಷ ನಿಂತಳು? ಮಹಡಿಯವರು ಬಂದದ್ದು ಆ ಕೋಣೆಗೆ ಹೋದ ಮೇಲೆ ತಾನೇ? ತಾತನ ಮಾತೂ ಎತ್ತಬೇಡ. ತಾತ ಜೀವನವಿಡೀ ತಲೆಗೇರುವ ಸೀಸದ ಬಣ್ಣ ಕಲಸಿದವನು. ನಾನಾಗಿದ್ದರೂ ಗೋಡೆಯ ಜೊತೆ ಜಗಳ ಕಾಯುತ್ತಿದ್ದೆ.

ರಕ್ತ ಕೊಡುವುದಿಲ್ಲ. ಒಂದು ಹನಿಯನ್ನೂ ಕೊಡುವುದಿಲ್ಲ. ಬದಲಿಗೆ ನಾನೇ ಒಂದು ಅಧ್ಯಯನ ಮಾಡುತ್ತೇನೆ. ಅಮ್ಮನ ಜೊತೆ ಆ ಕೋಣೆಯಲ್ಲಿದ್ದ ಹೆಂಗಸರನ್ನೆಲ್ಲ ಹುಡುಕಿ ಮಾತಾಡಿಸುತ್ತೇನೆ.

ಅಮ್ಮನಿಗೆ ಹೇಳಿದೆ. ‘ನನ್ನ ರಕ್ತಾನಾ? ತಗೊಳ್ಲಿ ಬಿಡೇ. ನಂಗೆ ಅದ್ರಿಂದ ಅಂಥ ಉಪಕಾರ ಏನೂ ಆಗಿಲ್ಲ’ ಅಂದಳು. ಹಾಂ, ನಿನ್ನನ್ನು ಈಗಲೂ ಗೂಬೆಮರಿ ಎಂದೇ ಕರೆಯುತ್ತಾಳೆ. ಆ ಕಣ್ಣು ಇಟ್ಟುಕೊಂಡು ಬೇರೆ ಏನು ಹೆಸರು ಬಯಸಿದ್ದೆ?

ಕಿಡಿ


ಮಾರ್ಚ್ 1

ಪ್ರೀತಿಯ ಕಿಡಿ,

ನಿನ್ನ ಭಾಷಣವನ್ನು ಅತ್ತಿಗೆಗೆ ಓದಿ ಹೇಳಿದೆ. ‘ನಮ್ ಮಗು ನಿಮ್ ತಂಗಿ ಥರ ಆದ್ರೆ ಗತಿ ಏನ್ರೀ?’ ಅಂದಳು. ಹೆಮ್ಮೆಯಿಂದಲೇ ಅಂದದ್ದು.

ಡಾಕ್ಟರಮ್ಮನಿಗೆ ನಿನ್ನ ಉತ್ತರ ಮುಟ್ಟಿಸಿದೆ. ಅವರಿಗೆ ಕೋಪವೇನೂ ಬರಲಿಲ್ಲ. ‘ನಿಮ್ಮ ತಂಗಿ ಕೋಣೆಯ ವಿಷಯ ಹೇಳಿದ್ದು ಒಳ್ಳೇದೇ. ಕಾಯ್ತೀನಿ ಅನ್ನಿ’ ಅಂದರು. ನೀನು ಆಕೆಯನ್ನು ಯಜಮಾನರ ಪಟ್ಟಿಗೆ ಸೇರಿಸುವ ಮೊದಲು ಸ್ವಲ್ಪ ಯೋಚಿಸು.

ನಾನು ಈಗ ಎರಡು ಅಂಗಡಿಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆ ಇಲ್ಲಿ, ಸಂಜೆ ಪೇಟೆಯ ಇನ್ನೊಂದರಲ್ಲಿ. ಮಗು ಬರುವಷ್ಟರಲ್ಲಿ ಇನ್ನೊಂದು ಕೋಣೆಯಿರುವ ಮನೆ ಹಿಡಿಯಬೇಕು. ನಿದ್ದೆ ಕಡಿಮೆಯಾಗಿದೆ, ಆದರೆ ಆಯಾಸವೇನೂ ಇಲ್ಲ. ಕಿವಿಯೊಳಗೆ ಸ್ವಲ್ಪ ಗುಂಯ್ ಎನ್ನುತ್ತಿತ್ತು. ಗುಗ್ಗೆ ಇರಬೇಕು ಎಂದು ಹೋಗಿ ತೊಳೆಸಿಕೊಂಡು ಬಂದೆ. ಗುಗ್ಗೆ ಏನೂ ಇರಲಿಲ್ಲವಂತೆ. ‘ಕಿವಿ ಕನ್ನಡಿ ಥರ ಇದೆ’ ಅಂದ ಕಿವಿ ನೋಡಿದವನು.

ನನ್ನ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ಮಹಡಿಯವರು ಶುರುವಿನಿಂದಲೇ ಬೈಯುತ್ತಿದ್ದರಾ? ಅಥವಾ ಮೊದಲು ಬರೀ ಹೆಸರು ಹಿಡಿದು ಕರೆಯುತ್ತಿದ್ದರಾ? ಅಮ್ಮನನ್ನು ಮೆಲ್ಲಗೆ ಕೇಳಿ ಬರಿ. ಸುಮ್ಮನೆ, ಡಾಕ್ಟರಮ್ಮನ ಅಧ್ಯಯನಕ್ಕೆ.

ನಿನ್ನ ಅಣ್ಣ


ಮಾರ್ಚ್ 15

ಅಣ್ಣಾ,

ಗೆದ್ದೆ!

ಮದ್ದಿನ ಕೋಣೆಯಲ್ಲಿದ್ದ ಹೆಂಗಸರನ್ನು ಒಬ್ಬೊಬ್ಬರಾಗಿ ಹುಡುಕಿದೆ. ರಜೆಯ ದಿನವೆಲ್ಲ ಅಲೆದು ಚಪ್ಪಲಿಯ ಬಾರು ಕಿತ್ತುಹೋಯಿತು. ಗುಂಡಿ ಹೊಲಿಯುತ್ತಿದ್ದಾಕೆ ಮಾತಿನ ನಡುವೆ ಮಾತು ಮರೆಯುತ್ತಾಳೆ. ಇಸ್ತ್ರಿಯವಳಿಗೆ ಇವತ್ತಿಗೂ ಕೈ ನಡುಗುತ್ತದೆ, ಲೋಟ ಕೊಟ್ಟರೆ ಎರಡೂ ಕೈಯಲ್ಲಿ ಹಿಡಿಯುತ್ತಾಳೆ. ಎಲ್ಲರಿಗಿಂತ ಹಳಬಳಾದ ಉದ್ದಕ್ಕನ ಮನೆಗೂ ಹೋಗಿದ್ದೆ. ತಲೆನೋವು ಇರಲಿಲ್ಲ ಎಂದವರು ಒಬ್ಬರೂ ಇಲ್ಲ. ಒಬ್ಬರೂ! ಇದು ರಕ್ತವಾ? ಇವರೆಲ್ಲ ನಮ್ಮ ತಾತನ ಮೊಮ್ಮಕ್ಕಳಾ? ಇದನ್ನು ನಿನ್ನ ಡಾಕ್ಟರಮ್ಮನ ಮುಂದೆ ಇಡು. ಕನ್ನಡಕದ ಕಡ್ಡಿಯಲ್ಲ, ಕನ್ನಡಕವನ್ನೇ ಕಚ್ಚಿಕೊಳ್ಳುತ್ತಾರೆ.

ಕಿಟಕಿಯ ವಿಷಯ ಮೇಲ್ವಿಚಾರಕನ ಹತ್ತಿರ ಎತ್ತಿದೆ. ‘ಗಾಳಿ ಬೇಕಿದ್ರೆ ಪಾರ್ಕಿಗೆ ಹೋಗಮ್ಮ’ ಅಂದ. ಅರ್ಜಿ ಬರೆದು ಎಲ್ಲರ ಸಹಿ ಹಾಕಿಸುತ್ತಿದ್ದೇನೆ.

ಇನ್ನು ನಿನ್ನ ಪ್ರಶ್ನೆ. ಕೇಳಬಾರದಿತ್ತು ಅನ್ನಿಸುತ್ತಿದೆ. ಅಮ್ಮ ಹೇಳಿದಳು: ‘ಮೊದ್ಲು ಬೈಗುಳ ಏನಿಲ್ಲ ಕಣೇ. ಬರೀ ಹೆಸ್ರು. ನನ್ನ ಅಮ್ಮ ಕರೀತಿದ್ದ ಹೆಸ್ರು. ಕೆಲ್ಸದಲ್ಲಿ ಇದ್ದಾಗ ಬೆನ್ನ ಹಿಂದೆ. ತಿರುಗಿ ನೋಡಿದ್ರೆ ಯಾರೂ ಇಲ್ಲ.’ ಆಮೇಲೆ ನನ್ನ ಮುಖವನ್ನೇ ನೋಡಿ ‘ಯಾರು ಕೇಳಿದ್ದು ಇದನ್ನ? ಅವನಾ?’ ಅಂದಳು. ಹೂಂ ಅಂದೆ. ಕೈಯಲ್ಲಿದ್ದ ಟವಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಆವತ್ತು ಊಟ ಮಾಡಲಿಲ್ಲ. ಸ್ವಂತ ಮಗನೇ ತನ್ನನ್ನು ರೋಗಿಯ ಹಾಗೆ ಕೆದಕುತ್ತಿದ್ದಾನೆ ಎಂದು ಎಷ್ಟು ನೊಂದಿರಬೇಕು! ಮಗುವಿನ ಚಿಂತೆಯಲ್ಲಿ ನೀನು ಹೆತ್ತವಳಿಗೇ ಹೆದರುವವನಾಗಿಬಿಟ್ಟೆಯಾ? ಡಾಕ್ಟರಮ್ಮನಿಗೆ ಬೇಕಿದ್ದರೆ ಅವರೇ ಬಂದು ಕೇಳಲಿ.

ಕಿಡಿ


ಏಪ್ರಿಲ್ 10

ಅಣ್ಣಾ,

ಕೋಪಾನಾ? ಹೋದ ಕಾಗದದ ಕೊನೆ ಸ್ವಲ್ಪ ಖಾರವಾಯಿತು. ವಾಪಸ್ ತೆಗೆದುಕೊಳ್ಳುವುದಿಲ್ಲ, ಆದರೆ ನೀರು ಬೆರೆಸಿಕೊಂಡು ಓದು. ಸಹಿ ಹಾಕಿದ್ದಕ್ಕೆ ಇಬ್ಬರಿಗೆ ಬೇರೆ ಪಾಳಿ ಕೊಟ್ಟು ಸತಾಯಿಸುತ್ತಿದ್ದಾರೆ. ಉಳಿದವರು ಜಗ್ಗಿಲ್ಲ. ಬರಿ.

ಕಿಡಿ


ಏಪ್ರಿಲ್ 28

ಅಣ್ಣಾ,

ಅಮ್ಮ ದಿನಾ ಅಂಚೆಯವನನ್ನು ತಡೆದು ನಿಲ್ಲಿಸುತ್ತಾಳೆ. ಅವಳನ್ನು ತಪ್ಪಿಸಲು ಅವನು ಈಗ ನಮ್ಮ ಬೀದಿಗೆ ಇನ್ನೊಂದು ಕಡೆಯಿಂದ ಬರುತ್ತಾನೆ. ಅಂಗಡಿಗೆ ಬೂತಿನಿಂದ ಫೋನ್ ಮಾಡಿದೆ, ‘ಅವ್ರು ರಜೆಯಲ್ಲಿದ್ದಾರೆ’ ಅಂದರು. ನೀನು ರಜೆ ಹಾಕುವವನೇ ಅಲ್ಲ.

ಬೈದಾದರೂ ಬರಿ.

ನಿನ್ನ ತಂಗಿ


ಮೇ 9

ಪ್ರೀತಿಯ ಕಿಡಿ,

ಅಕ್ಷರ ಸ್ವಲ್ಪ ಸೊಟ್ಟಗಿದ್ದರೆ ಅದು ಮಾತ್ರೆಯಿಂದ. ಕೈ ನಿಧಾನವಾಗಿದೆ, ತಲೆ ಸರಿಯಿದೆ. ಅಥವಾ ಸರಿಯಾಗುತ್ತಿದೆ.

ನಾನು ಕೇಳಿದ್ದು ಡಾಕ್ಟರಮ್ಮನಿಗೋಸ್ಕರ ಅಲ್ಲ. ನನಗೋಸ್ಕರ.

ಜನವರಿಯಲ್ಲಿ ಒಂದು ದಿನ ಗಾಜು ಉಜ್ಜುತ್ತಿದ್ದಾಗ ಬೆನ್ನ ಹಿಂದೆ ಯಾರೋ ‘ಗೂಬೆಮರಿ’ ಅಂದರು. ಈ ಊರಿನಲ್ಲಿ ಆ ಹೆಸರು ಯಾರಿಗೂ ಗೊತ್ತಿಲ್ಲ, ನಿನ್ನ ಅತ್ತಿಗೆಗೂ ನಾಚಿಕೆಯಿಂದ ಹೇಳಿರಲಿಲ್ಲ. ತಿರುಗಿದೆ, ಕಪಾಟು ಮಾತ್ರ. ಮಾರನೇ ವಾರ ಮತ್ತೆ. ಆಮೇಲೆ ದಿನಾ. ನಿನ್ನ ಮಾರ್ಚ್ ಕಾಗದದಲ್ಲಿ ಅಮ್ಮನ ಮಾತು ಓದಿದಾಗ ಕೂತಿದ್ದ ಸ್ಟೂಲು ಕೆಳಗಿಂದ ಜಾರಿದ ಹಾಗಾಯಿತು. ನೀನು ಬೈದದ್ದು ಆಗ ಕಣ್ಣಿಗೇ ಬೀಳಲಿಲ್ಲ, ಕೋಪ ಎಲ್ಲಿಂದ ಬರಬೇಕು?

ಅಲ್ಲಿಂದ ಮುಂದೆ ಬೇಗಬೇಗ ಕೆಟ್ಟಿತು. ಗಿರಾಕಿಯೊಬ್ಬರು ಗೋಡೆಯ ಅಕ್ಷರ ಓದುತ್ತಿದ್ದರೆ ಅವರಿಗಿಂತ ಮೊದಲೇ ಯಾರೋ ಓದಿಬಿಡುತ್ತಿದ್ದರು. ‘ಸುಮ್ನಿರ್ರೀ!’ ಎಂದು ಕಿರುಚಿದೆ, ಪಾಪ ಆ ಗಿರಾಕಿ ಕುರ್ಚಿಯಿಂದ ಎದ್ದೇಬಿಟ್ಟರು. ನಿನ್ನ ಅತ್ತಿಗೆ ಪಕ್ಕದ ಮನೆಯವರ ಜೊತೆ ಸೇರಿ ನನ್ನ ಬಗ್ಗೆ ಪಿಸುಗುಡುತ್ತಿದ್ದಾಳೆ ಎಂದು ನಂಬಿದೆ. ಮನೆಗೆ ಹೋಗುವುದನ್ನೇ ಬಿಟ್ಟೆ. ಅವಳೇ ಆ ಹೊಟ್ಟೆ ಹೊತ್ತುಕೊಂಡು ಬಂದು, ಕೈ ಹಿಡಿದು ರಸ್ತೆ ದಾಟಿಸಿ ಡಾಕ್ಟರಮ್ಮನ ಎದುರು ಕೂರಿಸಿದಳು. ಕೆಲವು ವಾರ ಅಲ್ಲೇ ಒಳಗಿದ್ದೆ. ಈಗ ಮನೆಯಲ್ಲಿದ್ದೇನೆ. ಒಂದೇ ಅಂಗಡಿ, ಹೊತ್ತಿಗೆ ಸರಿಯಾಗಿ ನಿದ್ದೆ. ದನಿ ಪೂರ್ತಿ ಹೋಗಿಲ್ಲ, ದೂರ ಸರಿದಿದೆ.

ಮೊದಲೇ ನಿನಗೆ ಯಾಕೆ ಹೇಳಲಿಲ್ಲ ಅಂದರೆ, ನೀನು ಅಷ್ಟು ಹಟದಿಂದ ರಕ್ತವಲ್ಲ ಅನ್ನುತ್ತಿದ್ದೆ. ಅದನ್ನು ದಿನಾ ಓದಿಕೊಳ್ಳುತ್ತಿದ್ದೆ. ನಿನ್ನ ಮಾತು ನಿಜವಾಗಲಿ ಎಂದು ನನಗೂ ಆಸೆಯಿತ್ತು.

ಡಾಕ್ಟರಮ್ಮನನ್ನು ನೇರವಾಗಿಯೇ ಕೇಳಿದೆ, ‘ರಕ್ತಾನಾ, ಬದುಕಾ, ಯಾವ್ದು ಹೇಳಿ.’ ಅವರು ಕಡ್ಡಿ ಕಚ್ಚಿ ಯೋಚಿಸಿ, ‘ನಮ್ಮ ಕಣ್ಣು ನೋಡೋವಾಗ ಈ ಗಾಜು ಸ್ಪಷ್ಟವೋ, ಆ ಗಾಜು ಸ್ಪಷ್ಟವೋ ಅಂತ ಕೇಳ್ತೀರಲ್ಲ. ಕೆಲವರಿಗೆ ಒಂದರ ಮೇಲೊಂದು ಎರಡೂ ಇಟ್ರೇನೇ ಅಕ್ಷರ ಕಾಣೋದು, ಅಲ್ವಾ?’ ಅಂದರು. ಹುಟ್ಟಿನಿಂದ ಬರುವುದು ಒಂದು ದೊಡ್ಡ ಶಾಪವಲ್ಲ, ಕಾಯಿಲೆಯ ಕಡೆ ವಾಲುವ ಚೂರು ಚೂರು ಗುಣಗಳು. ಅದರ ಮೇಲೆ ನಿದ್ದೆಗೇಡು, ದುಃಖ, ಒಂಟಿತನ, ಇನ್ನೂ ಗೊತ್ತಿಲ್ಲದ ಎಷ್ಟೋ ಬೀಳುತ್ತವಂತೆ. ‘ಮಗು?’ ಅಂದೆ. ‘ಇಂಥವರ ಮಕ್ಕಳಲ್ಲಿ ಹೆಚ್ಚಿನವ್ರಿಗೆ ಬರೋದೇ ಇಲ್ಲ. ಬಂದ್ರೂ ಬೇಗ ಗುರುತು ಹಿಡಿಯೋ ಮನೆ ಇದೆಯಲ್ಲ’ ಅಂದರು.

ರಕ್ತ ಕೊಡು ಎಂದು ಇನ್ನು ಕೇಳುವುದಿಲ್ಲ. ಅಮ್ಮನಿಗೆ ಇದನ್ನು ಹೇಗೆ ಹೇಳಬೇಕೋ ನಿನಗೇ ಬಿಟ್ಟದ್ದು.

ನಿನ್ನ ಅಣ್ಣ


ಮೇ 14

ಅಣ್ಣಾ, ನನ್ನ ಅಣ್ಣಾ,

ಅಮ್ಮನಿಗೆ ಹೇಳಬೇಕಾಗಲಿಲ್ಲ. ಕಾಗದ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ‘ಅವನಿಗೂ ಕರೀತಿದಾರಾ?’ ಅಂದಳು. ಟವಲು ಮಡಿಸಿದ ದಿನವೇ ಅವಳಿಗೆ ಗೊತ್ತಾಗಿತ್ತು. ಅದನ್ನೇ ನಾನು ನೋವು ಎಂದುಕೊಂಡು ನಿನಗೆ ಬೈದು ಬರೆದೆ! ‘ಯಾಕಮ್ಮ ಹೇಳ್ಲಿಲ್ಲ?’ ಅಂದೆ. ‘ನಾನು ಹೇಳಿದ್ರೆ ಯಾರು ನಂಬ್ತಾರೆ, ಮಹಡಿಯವ್ರು ಹೇಳಿಕೊಟ್ರು ಅಂತೀರ’ ಅಂದಳು. ನಾನು ಗೋಡೆ ನೋಡುವವಳು ನೋಡು, ಎದುರಿಗಿದ್ದ ಮುಖ ನೋಡಲಿಲ್ಲ.

ಈಗ ನಾನು ಮುಚ್ಚಿಟ್ಟದ್ದು. ಉದ್ದಕ್ಕನ ಮನೆಗೆ ಹೋಗಿದ್ದೆ ಎಂದು ಬರೆದೆ, ಅವಳು ಏನು ಹೇಳಿದಳೆಂದು ಬರೆಯಲಿಲ್ಲ. ಆ ಕೋಣೆಯಲ್ಲಿ ಅಮ್ಮನಿಗಿಂತ ಹೆಚ್ಚು ಕಾಲ ಇದ್ದವಳು ಅವಳು. ಮೊಮ್ಮಕ್ಕಳಿಗೆ ಬೈಯುತ್ತ, ನಗುತ್ತ, ಗಟ್ಟಿಯಾಗಿದ್ದಾಳೆ. ‘ತಲೆನೋವು ಎಲ್ರಿಗೂ ಬಂತು ಕಣೇ. ಮಹಡಿಯವ್ರು ಮಾತ್ರ ನಿಮ್ಮಮ್ಮನ್ನ ಹುಡ್ಕೊಂಡು ಬಂದ್ರು’ ಅಂದಳು. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದೆ. ಕಾರಣ ಕೋಣೆಯಲ್ಲದಿದ್ದರೆ ಅಮ್ಮನ ರಕ್ತ, ಅಮ್ಮನ ರಕ್ತವಾದರೆ ನೀನು, ನೀನಾದರೆ ನಾನು. ಅದಕ್ಕೇ ‘ಗೆದ್ದೆ’ ಎಂದು ಬರೆದೆ.

ಆದರೆ ಅವಳು ಇನ್ನೊಂದು ಮಾತು ಹೇಳಿದ್ದಳು, ಹೆದರಿಕೆಯಲ್ಲಿ ಅದನ್ನೂ ನುಂಗಿದ್ದೆ. ‘ನಿಮ್ಮಪ್ಪ ಹೋದ ವರ್ಷ ಅದು. ನಮ್ಮನ್ನೆಲ್ಲ ಬೇರೆ ಕೆಲ್ಸಕ್ಕೆ ಹಾಕಿ ಅವ್ಳೊಬ್ಳನ್ನೇ ಆ ಕೋಣೇಲಿ ಬಿಟ್ಟಿದ್ರು. ನಾವು ಊಟದ ಹೊತ್ತಲ್ಲಿ ಹೋಗಿ ಅವ್ಳ ಜೊತೆ ಕೂತ್ರೆ ಮಹಡಿಯವ್ರು ಸುಮ್ನಾಗ್ತಿದ್ರಂತೆ. ಅದಕ್ಕೇ ದಿನಾ ಹೋಗ್ತಿದ್ವಿ.’ ನೋಡಿದೆಯಾ? ನಿನ್ನ ಡಾಕ್ಟರಮ್ಮನ ಎರಡು ಗಾಜು! ನಾನು ಸೋತಿಲ್ಲ, ಅರ್ಧ ಮಾತ್ರ.

ಇವತ್ತು ಬೆಳಿಗ್ಗೆ ಅಮ್ಮ, ನಾನು ಹೋಗಿ ರಕ್ತ ಕೊಟ್ಟು ಬಂದೆವು. ನನ್ನದೊಂದು ಷರತ್ತು. ರಕ್ತ ನೋಡುವವರು ಗಾಳಿಯನ್ನೂ ನೋಡಬೇಕು. ಗಟ್ಟಿ ಮುಚ್ಚಳದ ಸೀಸೆಯೊಂದನ್ನು ಮದ್ದಿನ ಕೋಣೆಗೆ ಒಯ್ದು, ಚೆನ್ನಾಗಿ ಬೀಸಿ, ತುಂಬಿಸಿ, ಮೇಣ ಹಚ್ಚಿದ್ದೇನೆ. ಅಮ್ಮ ನೋಡಿ ‘ಬರೀ ಕೆಟ್ಟದ್ದನ್ನ ಕಳ್ಸಿದ್ರೆ ಅವ್ರಿಗೆ ಹೇಗೆ ಗೊತ್ತಾಗುತ್ತೆ? ನಮ್ಮನೇದೂ ಒಂದು ಹಿಡಿ’ ಅಂದಳು. ಹಾಗಾಗಿ ಎರಡು ಸೀಸೆ. ಅಂಚೆಯಲ್ಲಿ ಒಡೆಯುತ್ತವೆ ಎಂದು ಅಮ್ಮನೇ ಹೊತ್ತು ತರುತ್ತಾಳಂತೆ. ಹೌದು, ಬರುತ್ತಿದ್ದಾಳೆ! ಒಬ್ಬಳೇ ರೈಲಿನಲ್ಲಿ! ಉದ್ದಕ್ಕ ಹತ್ತಿಸುತ್ತಾಳೆ, ಅತ್ತಿಗೆ ಇಳಿಸಿಕೊಳ್ಳಲಿ. ಸಹಿಯ ಗಲಾಟೆ ಮುಗಿಯದೆ ನಾನು ಕದಲುವಂತಿಲ್ಲ. ನಾನಿಲ್ಲದಿದ್ದರೆ ಬೇರೆ ಪಾಳಿಗೆ ಹಾಕಿದ ಆ ಇಬ್ಬರು ಒಂಟಿಯಾಗುತ್ತಾರೆ.

ಅಷ್ಟರ ತನಕ ಇಟ್ಟುಕೊಳ್ಳಲು ಅಮ್ಮ ಹೇಳಿ ಬರೆಸಿದ್ದು ಇಲ್ಲಿದೆ. ಒಂದಕ್ಷರವನ್ನೂ ನಾನು ಸೇರಿಸಿಲ್ಲ:

‘ಗೂಬೆಮರಿ, ಮಾತ್ರೆ ತಪ್ಪಿಸ್ಬೇಡ. ನಾನು ತಪ್ಪಿಸಿದಾಗೆಲ್ಲ ಕೆಟ್ಟಿದ್ದೀನಿ. ಅವ್ರು ಬಂದ್ರೆ ಜಗಳ ಆಡ್ಬೇಡ, ಕುರ್ಚೀನೂ ಹಾಕ್ಬೇಡ, ಕೂತ್ಬಿಡ್ತಾರೆ. ನಿನ್ನ ಹೆಂಡ್ತಿಗೆ ಎಲ್ಲಾ ಹೇಳು. ಇನ್ನೊಂದು. ನಾನು ಕರೆದ್ರೆ ಎದುರಿಗೆ ಬಂದು ಕರೀತೀನಿ. ಬೆನ್ನ ಹಿಂದೆ ಕರೆದ್ರೆ ಅದು ನಾನಲ್ಲ. ತಿರುಗ್ಬೇಡ.’

ನಿನ್ನ ಕಿಡಿ


ಜೂನ್ 2

ಪ್ರೀತಿಯ ಕಿಡಿ,

ಅಮ್ಮ ಕ್ಷೇಮವಾಗಿ ಬಂದಿಳಿದಳು. ರೈಲಿನಲ್ಲಿ ಪಕ್ಕದಲ್ಲಿದ್ದವರು ‘ಸೀಸೆಲಿ ಏನಜ್ಜಿ?’ ಎಂದು ಕೇಳಿದ್ದಕ್ಕೆ ‘ಗಾಳಿ’ ಅಂದಳಂತೆ. ಅವರು ಎದ್ದು ಬೇರೆ ಸೀಟಿಗೆ ಹೋದರಂತೆ. ‘ಕಾಲು ಚಾಚ್ಕೊಂಡು ಬಂದೆ’ ಎಂದು ನಿನ್ನ ಅತ್ತಿಗೆಗೆ ಹೇಳಿ ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಸೀಸೆಗಳನ್ನು ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟೆವು. ಅವರು ನಗಲಿಲ್ಲ. ಹೀಗೆ ಹಿಡಿದ ಗಾಳಿಯಿಂದ ಏನೂ ತಿಳಿಯುವುದಿಲ್ಲ, ಅದನ್ನು ಅಳೆಯಲು ಬೇರೆ ಯಂತ್ರವಿದೆ ಎಂದು ಅಮ್ಮನಿಗೆ ವಿವರಿಸಿ ಹೇಳಿದರು. ‘ಆದ್ರೆ ಎರಡನೇ ಸೀಸೆ ತರ್ಬೇಕು ಅಂತ ಹೊಳೆದಿದ್ದು ಯಾರಿಗೆ?’ ಎಂದು ಕೇಳಿದರು. ‘ನಂಗೆ’ ಅಂದಳು ಅಮ್ಮ, ಶಾಲೆಯ ಹುಡುಗಿಯ ಹಾಗೆ ಕೈಯೆತ್ತಿ. ನಿಮ್ಮ ಊರಿನ ಕಾರ್ಖಾನೆ ತಪಾಸಣೆಯವರಿಗೆ ಆಕೆ ಪತ್ರ ಬರೆಯುತ್ತಾರೆ, ಕಿಟಕಿಯ ವಿಷಯವನ್ನೂ ಸೇರಿಸಿ. ಕಾಯಿಲೆಗೆ ಆ ಕೋಣೆಯೇ ಕಾರಣ ಎಂದು ಬರೆಯಲು ತನ್ನಿಂದಾಗದು, ಅದು ಗೊತ್ತಿಲ್ಲ, ಅಲ್ಲಿ ಯಾರೂ ಉಸಿರಾಡಬಾರದು ಎಂದು ಬರೆಯಬಲ್ಲೆ ಅಂದರು. ನಿನಗೆ ಇಷ್ಟು ಸಾಲದು, ಗೊತ್ತು. ಇನ್ನು ಮುಂದೆ ರಕ್ತ ಕೊಡಲು ಬರುವ ಪ್ರತಿ ಮನೆಯವರನ್ನೂ ಎಲ್ಲಿ ಕೆಲಸ ಮಾಡಿದಿರಿ, ಜೊತೆಗೆ ಯಾರಿದ್ದರು ಎಂದೂ ಕೇಳುತ್ತಾರಂತೆ. ಅದು ನಿನ್ನ ಗೆಲುವು.

ಕೆಟ್ಟ ಸೀಸೆ ಅವರ ಮೇಜಿನ ಮೇಲಿದೆ. ನಮ್ಮನೆಯದನ್ನು ವಾಪಸ್ ತಂದೆವು. ತೊಟ್ಟಿಲು ಬರಬೇಕಾದ ಮೂಲೆಯಲ್ಲಿ ಅಮ್ಮ ಅದರ ಮುಚ್ಚಳ ತೆಗೆದಳು. ನನಗೆ ಏನೂ ವಾಸನೆ ಬರಲಿಲ್ಲ. ನಿನ್ನ ಅತ್ತಿಗೆ ಮಾತ್ರ ಸೋಪಿನ ವಾಸನೆ ಬಂತು ಎಂದು ಆಣೆ ಹಾಕುತ್ತಾಳೆ.

ಆದರೆ ನಾನು ಬರೆಯಬೇಕೆಂದು ಕೂತದ್ದು ಅಮ್ಮ ಬಂದ ದಿನದ ಮಾತು. ರೈಲು ಬೇಗ ಬಂದಿತ್ತು. ನಿನ್ನ ಅತ್ತಿಗೆ ಅವಳನ್ನು ಮನೆಗೆ ಕರೆದೊಯ್ಯದೆ ನೇರ ಅಂಗಡಿಗೆ ಕರೆತಂದಳಂತೆ. ನನಗೆ ಗೊತ್ತಿರಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ಗಾಜು ಉಜ್ಜುತ್ತಿದ್ದೆ. ಹಿಂದಿನಿಂದ ಕೇಳಿಸಿತು, ಸ್ಪಷ್ಟವಾಗಿ, ‘ಗೂಬೆಮರಿ.’

ನಾನು ತಿರುಗಲಿಲ್ಲ. ಉಜ್ಜುತ್ತಲೇ ಇದ್ದೆ.

‘ಅಯ್ಯೋ, ನನ್ನ ಮರೆವಿಗಿಷ್ಟು!’ ಎಂದಿತು ಅದೇ ದನಿ. ಆಮೇಲೆ ಚಪ್ಪಲಿಯ ಸದ್ದು. ಕಪಾಟು ಸುತ್ತಿ, ಸ್ಟೂಲು ಸರಿಸಿ, ಎರಡು ಸೀಸೆ ಎದೆಗವಚಿಕೊಂಡು ಅಮ್ಮ ನನ್ನ ಎದುರಿಗೆ ಬಂದು ನಿಂತಳು. ಏದುಸಿರು ಬಿಡುತ್ತಿದ್ದಳು. ನಾನು ತಲೆಯೆತ್ತುವ ತನಕ ಕಾದು, ಇನ್ನೊಂದು ಸಲ ಕರೆದಳು.

ನಿನ್ನ ಅಣ್ಣ